ನಿಮಿಷಕ್ಕೆ ಎಂಬತ್ತು ಪದ

ಆನ್ ಮಾಡಿದಾಗ ಕಾಣುತ್ತೆ, ಕೆಲಸಕ್ಕೆ ಕೂತರೆ ಇಲ್ಲ.
ನಿಮ್ಮೂರ ಹಾಸನಾಂಬೆ ಥರ ಕಣಪ್ಪ, ಅಂದರು ವಾರಿಜಾಕ್ಷಿ ಮೇಡಂ,
ಬಾಗಿಲು ತೆಗೆದಾಗ ಸಾಲಲ್ಲಿ ನಿಂತಿದ್ದವರಿಗಷ್ಟೇ ದರ್ಶನ.
ಹೊಳೆನರಸೀಪುರದ ಕೋರ್ಟಿನಲ್ಲಿ ಸ್ಟೆನೊ ಆಗಿದ್ದವರು;
ದೂರನ್ನೂ ಅಲ್ಪವಿರಾಮ ಹಾಕಿ ಹೇಳುತ್ತಾರೆ.

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿ ಅಡ್ಡಕ್ಕೆ ಎಂಟಡಿ.
ಮೇಜಿನ ಮೇಲೆ ಅವರ ಲ್ಯಾಪ್‌ಟಾಪು ಬೋರಲು ಮಲಗಿದೆ.
ಸಿಡಿ ಇದ್ದ ಗೂಡಿಗೆ ಕ್ಯಾಡಿ, ಕ್ಯಾಡಿಯೊಳಗೆ ಎಸ್ಸೆಸ್ಡಿ.
ಹಾಕಿಕೊಟ್ಟವನು ನಾನೇ, ಹೋದ ಶುಕ್ರವಾರ.
ಬೈಯೋಣವೆಂದರೆ ಬೇರೆ ಯಾರೂ ಇಲ್ಲ.

ಕ್ಯಾಡಿಯ ಪಕ್ಕೆಯಲ್ಲಿ ಎಳ್ಳುಕಾಳಿನಷ್ಟು ಸ್ವಿಚ್ಚು, ಅದಕ್ಕೆ ಮೂರು ಮನೆ.
ಯಾವ ಮನೆ ಯಾತಕ್ಕೆಂದು ಮಾಡಿದವನೂ ಬರೆದಿಲ್ಲ.
ಸೂಜಿಯಿಂದ ದೂಡಿದೆ.
ಎಡಕ್ಕೆ: ಇಲ್ಲ.
ನಡುವೆ: ಇದೆ. ಇದೆ. ಇಲ್ಲ.
ಬಲಕ್ಕೆ: ಯಂತ್ರವೇ ಏಳಲಿಲ್ಲ.

ಆಮೇಲೆ ಅದಲುಬದಲು.
ಹೊಸದನ್ನು ಒಳಕೋಣೆಗೆ, ಒಳಗಿದ್ದದ್ದನ್ನು ಗೂಡಿಗೆ,
ಪೆನ್‌ಡ್ರೈವಿನಿಂದ ಎಬ್ಬಿಸಿ ಕಾದೆ.
ಒಳಗೆ ಹೋದದ್ದು ಗಪ್‌ಚಿಪ್ ದುಡಿಯಿತು.
ಗೂಡಿಗೆ ಬಂದದ್ದು ಹತ್ತನೇ ನಿಮಿಷಕ್ಕೆ ನಾಪತ್ತೆ.
ಡ್ರೈವಿಂದಲ್ಲ ಮೇಡಂ ತಪ್ಪು, ಜಾಗದ್ದು.
ಕೋರ್ಟಲ್ಲೂ ಅಷ್ಟೇ, ಅಂದರು,
ಸಾಕ್ಷಿ ನೆಟ್ಟಗಿರ್ತಾನೆ, ಕಟಕಟೆ ಅಲ್ಲಾಡ್ತಿರುತ್ತೆ.

ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ
ಆಕಾಶಕ್ಕೆ ಬಾಯಿ ತೆರೆದ ಬಿಳೀ ಬೋಗುಣಿಗಳು
ಮೂವತ್ತಾರು ಸಾವಿರ ಕಿಲೋಮೀಟರು ಮೇಲಿರುವುದನ್ನು
ದಿನಾ ಕೂಗಿ ಓ ಅನ್ನಿಸುತ್ತವೆ.
ನನಗೆ, ಗೇಣು ದೂರದಲ್ಲಿರುವುದು ಓಗೊಡುತ್ತಿಲ್ಲ.

ಅದಿರ್ಲಿ, ಆ ಹಳೇ ಸಿಡಿ ಡ್ರೈವು ಎಸೆದುಬಿಟ್ರಾ?
ಎಸೆದಿರಲಿಲ್ಲ. ಶೋಯೆಬ್ ಡ್ರಾಯರಿನಿಂದ ತೆಗೆದ,
ಸೂಜಿರಂಧ್ರಕ್ಕೆ ಪೇಪರ್‌ಕ್ಲಿಪ್ಪು ಚುಚ್ಚಿದ,
ತಟ್ಟೆ ನಾಲಗೆ ಚಾಚಿತು. ಮೇಲೊಂದು ಸಿಡಿ.
ಅದರ ಮೇಲೆ ಮಾರ್ಕರಿನಲ್ಲಿ ಕೊಕ್ಕೆ, ಕೊಂಡಿ, ಚುಕ್ಕಿ.
ಪೆನ್ನು ಬರಲ್ವಾ ಅಂತ ಗೀಚಿದ್ದು ಇರ್ಬೇಕಣ್ಣ, ಅಂದ.
ಮೇಡಂ ಕನ್ನಡಕ ಏರಿಸಿ ಓದಿದರು:
ಜವರಪ್ಪ ಮೇಷ್ಟ್ರು. ಉಕ್ತಲೇಖನ. ನಿಮಿಷಕ್ಕೆ ಎಂಬತ್ತು ಪದ.

ಮೇಷ್ಟ್ರು ಇದ್ದಾರೆ. ಗಂಟಲ ಆಪರೇಷನ್ನಾದ ಮೇಲೆ
ಮಾತೆಲ್ಲ ಸ್ಲೇಟಿನಲ್ಲೇ, ಅದೂ ಶೀಘ್ರಲಿಪಿಯಲ್ಲಿ.
ಅವರ ಹೆಂಡತಿಗೆ ಓದಲು ಬಾರದು.
ವಾರಕ್ಕೊಮ್ಮೆ ನಾನು ಹೋಗಿ ಓದಿ ಹೇಳ್ತೀನಿ, ಅಂದರು,
ಹೆಚ್ಚಾಗಿ ಉಪ್ಪಿನ ವಿಷಯ.

ಕ್ಯಾಡಿ ಕಿತ್ತು ಹಳೆಯದನ್ನೇ ಗೂಡಿಗೆ ತಳ್ಳಿದೆ.
ಕಚಕ್ ಎಂದು ಕೂತಿತು.
ಆ ಸದ್ದು ಕ್ಯಾಡಿಗೆ ಇರಲೇ ಇಲ್ಲವಲ್ಲ!
ಅಳೆದರೆ, ಗೂಡು ಹನ್ನೆರಡೂ ಮುಕ್ಕಾಲು ಮಿಲಿಮೀಟರಿನದು,
ನಾನು ತಂದದ್ದು ಒಂಬತ್ತೂವರೆ.
ಅಣ್ಣನ ಚಡ್ಡಿ ಹಾಕಿಕೊಂಡ ತಮ್ಮನ ಹಾಗೆ
ಒಳಗೊಳಗೇ ಜಾರುತ್ತಿತ್ತು ಪಾಪ.
ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ,
ಎದುರಿಗೆ ಕೂತವರು ಮೂವತ್ತು ವರ್ಷ ಹೇಳಿಕೆ ಬರೆದುಕೊಂಡವರು.

ಡಿಸ್ಕು ಗೊರಗೊರ ಎಂದು ತಿರುಗಿ ತನ್ನಲ್ಲಿದ್ದದ್ದನ್ನು ಒಪ್ಪಿಸಿತು.
ಮತ್ತೆ ಕ್ಯಾಡಿ. ಅಡಿಗೆ ಒತ್ತು ಕೊಡಲು
ಅವರ ಪರ್ಸಿನಲ್ಲಿದ್ದ ಬಸ್ ಟಿಕೆಟ್ಟು, ಎಂಟು ಮಡಿಕೆ.
ಸ್ವಿಚ್ಚು ನಡುಮನೆಗೆ.
ಹೊಸ ಡ್ರೈವಿಗೆ ಮೊದಲು ಹಾಕಿದ್ದು ಮೇಷ್ಟ್ರನ್ನೇ.

ಮಾನ್ಯರೇ, ತಮ್ಮ ಪತ್ರ ಸಂಖ್ಯೆ ನಲವತ್ತೆರಡಕ್ಕೆ ಉತ್ತರವಾಗಿ...
ತುಂಬು ಗಂಟಲು, ಗಡಿಯಾರದ ನಡಿಗೆ.
ಮೇಡಮ್ಮಿನ ತೋರುಬೆರಳು ಕೌಂಟರಿನ ಗಾಜಿನ ಮೇಲೆ,
ಧೂಳಿನಲ್ಲಿ, ತಾನೇ ಓಡತೊಡಗಿತು.
ಎಂಟು ನಿಮಿಷ. ಒಂಬತ್ತು.
ಹತ್ತಕ್ಕೆ ನಾನು ಪರದೆಯ ಕಡೆ ನೋಡಲಿಲ್ಲ.
ಹೊರಗೆ ಆಲೂಗಡ್ಡೆ ಲಾರಿಯೊಂದು ಹಾರ್ನ್ ಹೊಡೆಯಿತು.
ಮೇಷ್ಟ್ರು ನಿಲ್ಲಲಿಲ್ಲ.

ಎಷ್ಟಾಯ್ತು? ಏನೂ ಬೇಡ ಮೇಡಂ.
ಕಾಗದ ಮೆತ್ತಗಾದ್ರೆ ಬನ್ನಿ, ಸರಿ ಅಳತೆಯದ್ದು ತರಿಸಿರ್ತೀನಿ.
ಇಳಿದು ಹೋದರು, ಟಿಕೆಟ್ಟು ಇಲ್ಲಿಟ್ಟು.

ಶೋಯೆಬ್ ಗಾಜು ಒರೆಸಲು ಬಟ್ಟೆ ತಂದ.
ಸಂಜೆ ಒರೆಸೋ, ಅಂದೆ.